ಮಗ್ಗದ ಗುಂಡಿಯ ಮರಳು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ನರ್ಸರಿಯಲ್ಲಿ ಮರಳು ತೊಳೆಯುತ್ತಿದ್ದೆ. ಎಂ-ಸ್ಯಾಂಡನ್ನು ಏಳು ಸಲ ತೊಳೆಯಬೇಕೆಂದು ಹೇಳಿಕೊಟ್ಟವರು ಅವರೇ. ಐದನೆಯ ನೀರು ಚೆಲ್ಲುವಾಗ ಫೋನ್ ಬಂತು. ಅವರ ಮೈದುನ ಎರಡೇ ಮಾತು ಹೇಳಿ ಇಟ್ಟುಬಿಟ್ಟರು. ನಾನು ಫೋನನ್ನು ಬೆಂಚಿನ ಮೇಲಿಟ್ಟು ಆರನೆಯ ಸಲ ತೊಳೆದೆ. ಏಳನೆಯ ಸಲವೂ ತೊಳೆದೆ. ನೀರು ತಿಳಿಯಾಯಿತೇ ಎಂದು ಬಗ್ಗಿ ನೋಡಿದೆ. ಆಮೇಲೆ ಕೈ ಒರೆಸಿಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಹಾಗೇಕೆ ಮಾಡಿದೆನೆಂದು ಈಗಲೂ ಹೇಳಲಾರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಪೂರ್ತಿ ಹೆಸರು ಹಿಡಿದು ಕರೆದರೆ ಅವರಿಗೆ ಆಸ್ಪತ್ರೆಯಲ್ಲಿ ಚೀಟಿ ಕೂಗಿದ ಹಾಗಾಗುತ್ತಿತ್ತಂತೆ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳು ಮುಗಿದು ಹೊಲಗಳು ಶುರುವಾಗುವ ಕಡೆ ನಮ್ಮ ನರ್ಸರಿ ಇದೆ. ಅಲ್ಲಿ ಕಡ್ಡಿ ನೆಟ್ಟು ಗಿಡ ಮಾಡುವ ಶೆಡ್ಡು ಪೂರ್ತಿ ಅವರ ಕೈಯಲ್ಲಿತ್ತು. ದಾಸವಾಳ, ಕಣಗಿಲೆ, ನಂದಿಬಟ್ಟಲು, ಕಾಗದದ ಹೂವಿನ ಗಿಡ, ಎಲ್ಲವೂ ಅಲ್ಲಿ ಗೇಣುದ್ದದ ಬೋಳು ಕಡ್ಡಿಯಾಗಿ ಒಳಗೆ ಹೋಗಿ ಗಿಡವಾಗಿ ಹೊರಗೆ ಬರುತ್ತಿದ್ದವು. ಅವರದು ನೇಕಾರರ ಮನೆ. ಮದುವೆಯಾಗಿ ಬಂದ ದಿನದಿಂದ ಇಪ್ಪತ್ತು ವರ್ಷ ಗಂಡನ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿದ್ದರು. ಗಂಡ ಹೋದ ಮೇಲೆ ಮಗ್ಗವೂ ಹೋಯಿತು, ಇವರು ನರ್ಸರಿಗೆ ಬಂದರು. ನೂಲು ಎಷ್ಟು ಬಿಗಿ ಹಿಡಿದರೆ ಹರಿಯುತ್ತದೆ, ಎಷ್ಟು ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ ಎಂಬುದು ಆ ಬೆರಳುಗಳಿಗೆ ಗೊತ್ತಿತ್ತು. ಕಡ್ಡಿಯನ್ನೂ ಹಾಗೆಯೇ ಹಿಡಿಯುತ್ತಿದ್ದರು.

ನಾನು ತೋಟಗಾರಿಕೆಯಲ್ಲಿ ಡಿಪ್ಲೊಮಾ ಮುಗಿಸಿ ಮೇಲ್ವಿಚಾರಕಿಯಾಗಿ ಸೇರಿದ್ದು ಹನ್ನೊಂದು ವರ್ಷದ ಹಿಂದೆ. ಮೊದಲ ವಾರ ಇಪ್ಪತ್ತು ದೊಡ್ಡ ಕುಂಡಗಳಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿ, ದಾಸವಾಳದ ಕಡ್ಡಿ ನೆಟ್ಟೆ. ಅಕ್ಕ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮೇಡಮ್ಮಾ, ಇದೇನು, ಕೂಸಿಗೆ ಅವರಪ್ಪನ ಅಂಗಿ ಹಾಕಿದೀರಿ?"

"ದೊಡ್ಡ ಕುಂಡ ಇದ್ರೆ ಬೇರಿಗೆ ಜಾಗ ಸಿಗುತ್ತಲ್ಲ ಅಕ್ಕ?"

"ಬೇರೇ ಇಲ್ವಲ್ಲ ಇನ್ನೂ. ಅಷ್ಟೊಂದು ಮಣ್ಣಲ್ಲಿ ನೀರು ನಿಂತ್ಕಂತದೆ, ಕುಡಿಯೋರು ಯಾರು? ಕೊಳೀತದೆ ಅಷ್ಟೆ." ಕುಂಡದ ಗೊಬ್ಬರವನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. "ಗೊಬ್ಬರ ಬೇರೆ! ಬಾಯೇ ಇಲ್ಲ ಅದಕ್ಕೆ, ಎಲೆ ಹಾಕಿ ಊಟ ಬಡಿಸಿದೀರಲ್ಲ."

ಪಕ್ಕದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಪ್ಪತ್ತು ಕಡ್ಡಿಗಳೂ ಮೂರು ವಾರದಲ್ಲಿ ಬುಡ ಕಪ್ಪಾಗಿ ಹೋದವು. ಅಕ್ಕ ಅದನ್ನು ಮತ್ತೆಂದೂ ಎತ್ತಿ ಆಡಲಿಲ್ಲ. ಆದರೆ ಆ ದಿನದಿಂದ ಬಹುವಚನ ಬಿಟ್ಟು ನನ್ನನ್ನು 'ನೀನು' ಎನ್ನತೊಡಗಿದರು. ಅದು ಒಂದು ಬಗೆಯ ಸೇರಿಸಿಕೊಳ್ಳುವಿಕೆ ಎಂದು ನನಗೆ ತಿಳಿಯಲು ಒಂದು ತಿಂಗಳು ಹಿಡಿಯಿತು.

ತೆಂಗಿನ ನಾರಿನ ಪುಡಿಯ ಹೊಸ ಲೋಡು ಬಂದರೆ ನಾನು ಪರೀಕ್ಷೆಯ ಮೀಟರು ಹುಡುಕುತ್ತಿದ್ದೆ. ಅಷ್ಟರೊಳಗೆ ಅವರು ಒಂದು ಹಿಡಿ ನೆನೆಸಿ, ಹಿಂಡಿ, ಆ ಕಂದು ನೀರನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗಿದು, "ಉಪ್ಪೈತೆ. ಇನ್ನೆರಡು ನೀರು ಬೇಕು" ಎಂದುಬಿಡುತ್ತಿದ್ದರು. ಎಷ್ಟೋ ಸಲ ಮೀಟರಿನ ಜೊತೆ ಹೋಲಿಸಿದ್ದೇನೆ. ಒಂದೇ ಒಂದು ಸಲ ತಪ್ಪಿತ್ತು, ಆ ದಿನ ಅವರಿಗೆ ನೆಗಡಿಯಾಗಿತ್ತು. ತೇವ ನೋಡಲು ಮರಳನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚುತ್ತಿದ್ದರು. ನೀರು ತೊಟ್ಟಿಕ್ಕಬಾರದು, ಉಂಡೆ ನಿಲ್ಲಬೇಕು, ಬೆರಳು ತಾಕಿಸಿದರೆ ಉದುರಬೇಕು.

ಕುಂಡದ ವಿಷಯದಲ್ಲಿ ಅವರದೇ ಒಂದು ದಾರಿಯಿತ್ತು. ಮಗ್ಗದ ಮನೆಗಳಲ್ಲಿ ನೂಲು ಬರುವುದು ಪ್ಲಾಸ್ಟಿಕ್ಕಿನ ಕೋನುಗಳ ಮೇಲೆ. ಮೇಲೆ ಅಗಲ, ಕೆಳಗೆ ಸಣ್ಣ, ಎರಡೂ ಕಡೆ ತೆರೆದ ಬಾಯಿ. ನೂಲು ಮುಗಿದ ಕೋನುಗಳನ್ನು ಬೀದಿಬೀದಿ ಕೇಳಿ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಸಣ್ಣ ಬಾಯಿಗೆ ಒಂದಿಷ್ಟು ತೆಂಗಿನ ನಾರು ಗಿಡಿದರೆ ಮರಳು ನಿಲ್ಲುತ್ತದೆ, ನೀರು ಇಳಿಯುತ್ತದೆ. ಬೇರು ಸುತ್ತಿಕೊಳ್ಳದೆ ನೇರ ಕೆಳಗಿಳಿಯುತ್ತದೆ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಆ ಚೀಲ ನೋಡಿ ಕಂಡಕ್ಟರು, "ಏನಕ್ಕಾ, ಮಗ್ಗಾನೇ ಹೊತ್ಕೊಂಡ್ ಬಂದ್ಬಿಟ್ಟಿದೀಯಲ್ಲ!" ಅಂದ.

"ಮಗ್ಗ ಯಾವತ್ತೋ ನಿಂತೋಯ್ತು ಗುರುವೇ. ಇವು ಅದರ ಟೋಪಿಗಳು. ಹೆಂಗಸರಿಗೆ ಟಿಕೆಟ್ ಇಲ್ಲ ಅಂದ್ಮೇಲೆ ಅವರ ಟೋಪಿಗೂ ಇಲ್ಲ ತಾನೆ?"

ಇಡೀ ಬಸ್ಸು ನಕ್ಕಿತು. ಅಕ್ಕ ನಗಲಿಲ್ಲ. ಕಿಟಕಿಯ ಕಡೆ ತಿರುಗಿದರು. ನಾನು ಪಕ್ಕದಲ್ಲೇ ಕೂತಿದ್ದೆ.

ಹೊಳೆ ಮರಳು ಸಿಗುವುದು ನಿಂತ ಮೇಲೆ ನರ್ಸರಿಗೆ ಎಂ-ಸ್ಯಾಂಡ್ ಬರತೊಡಗಿತು. ಅದು ಕಲ್ಲು ಪುಡಿ ಮಾಡಿದ ಮರಳು, ಅದರಲ್ಲಿ ದೂಳು ಸೇರಿರುತ್ತದೆ. ತೊಳೆಯದೆ ಹಾಕಿದರೆ ನೀರು ಬಿದ್ದು ಒಣಗಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಸುಲಭವಾಗಿ ಬರುವ ಗಿಡಗಳಿಗೆ ಅಕ್ಕ ಅದನ್ನೇ ತೊಳೆದು ಬಳಸುತ್ತಿದ್ದರು. ಹಟಮಾರಿ ಗಿಡಗಳಿಗೆ ಮಾತ್ರ ಮನೆಯಿಂದ ಸಣ್ಣ ಚೀಲವೊಂದು ಬರುತ್ತಿತ್ತು. ಒಳಗೆ ಹೊಳೆ ಮರಳು, ಕಾಳು ಕಾಳಾಗಿ, ತಣ್ಣಗೆ.

ಎಲ್ಲಿಂದ ಎಂದು ಕೇಳಿದ್ದಕ್ಕೆ ಒಂದು ಭಾನುವಾರ ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಮಾವನ ಕಾಲದಲ್ಲಿ ಅವರ ಮನೆಯಲ್ಲಿದ್ದದ್ದು ಕೈಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಿದ್ದರು. ಪವರ್‌ಲೂಮ್ ಬಂದಾಗ ಆ ಗುಂಡಿಗೆ ಹೊಳೆ ಮರಳು ತುಂಬಿ ಮೇಲೆ ಕಲ್ಲು ಚಪ್ಪಡಿ ಹಾಸಿದರು. ಅಕ್ಕ ಹಾರೆಯಿಂದ ಮೂಲೆಯ ಚಪ್ಪಡಿ ಎತ್ತಿ, ಬಗ್ಗಿ, ಒಂದು ಚೊಂಬು ಮರಳು ತೆಗೆದರು. ಮರಳು ಆಗಲೇ ಮೊಣಕೈ ಆಳಕ್ಕೆ ಇಳಿದಿತ್ತು.

"ಮುಗಿದ್ರೆ?" ಅಂದೆ.

"ಮುಗಿಯೋವರ್ಗೂ ಬರ್ತದೆ" ಅಂದರು.

ಇನ್ನು ನಾನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಒಂದು ಪಾಠದ ವಿಷಯ ಹೇಳಬೇಕು, ಏಕೆಂದರೆ ಆ ಪಾಠ ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು.

ದೇವನಹಳ್ಳಿಯ ಒಂದು ಹೋಟೆಲಿನವರು ಇನ್ನೂರು ದಾಸವಾಳ ಕೇಳಿದ್ದರು. ಕಡ್ಡಿಗಳೆಲ್ಲ ಚಿಗುರಿ ಹಸಿರಾಗಿದ್ದವು. ಕಳಿಸೋಣ ಎಂದು ನಾನು ಮಾಲೀಕರಿಗೆ ಹೇಳುತ್ತಿದ್ದೆ. ಅಕ್ಕ ಬಂದು ಒಂದೇ ಒಂದು ಕಡ್ಡಿಯನ್ನು ಎತ್ತಿ ನನ್ನ ಅಂಗೈ ಮೇಲಿಟ್ಟರು. ಮೇಲೆ ನಾಲ್ಕು ಎಳೆ ಎಲೆ, ಕೆಳಗೆ ಏನೂ ಇಲ್ಲ. ಒಂದು ಎಳೆ ಬೇರೂ ಇಲ್ಲ.

"ಕಡ್ಡಿ ಒಳಗೆ ಇದ್ದಿದ್ದನ್ನೇ ತಿಂದು ಚಿಗುರ್ಕಂಡೈತೆ. ಸುಳ್ಳು ಚಿಗುರು ಇದು. ಅದು ತೀರಿದ ದಿನ ಬಾಡೋಗ್ತದೆ. ಎಲೆ ನೋಡಿ ಮಾತು ಕೊಡಬೇಡ ಕಣಮ್ಮ. ಕೆಳಗಡೆ ಬೇರು ಇಣುಕೋವರ್ಗೂ, ಹೇಳೋಕಾಗಲ್ಲ ಅನ್ನು."

"ಎಲ್ಲಾನೂ ಒಂದೊಂದ್ಸಲ ಎಳೆದು ನೋಡ್ಬಿಡ್ಲಾ ಅಕ್ಕ?"

"ಎಳೆದ್ರೆ ಬರ್ತಾ ಇರೋದೂ ಕಿತ್ಕಂತದೆ. ಸುಮ್ಕೆ ಕಾಯಿ."

ಅವರ ಮನೆಯ ಹಿತ್ತಲಲ್ಲಿ ಒಂದು ಮನೋರಂಜಿತದ ಗಿಡವಿತ್ತು. ಬಾವಿಕಟ್ಟೆಯ ಪಕ್ಕ ಪೊದೆಯಾಗಿ ಹಬ್ಬಿತ್ತು. ಅದರ ಹೂವು ಮೊದಲು ಎಲೆಯ ಬಣ್ಣವೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳದಿಗೆ ತಿರುಗಿದಾಗ ಹಣ್ಣಿನಂಥ ವಾಸನೆ ಇಡೀ ಬೀದಿಗೆ ಹೋಗುತ್ತದೆ. ಆಗ ಮೂಗು ಹಿಡಿದುಕೊಂಡು ಹೋಗಿ ಹುಡುಕಬೇಕು. ಅಕ್ಕನ ತವರು ದೇವನಹಳ್ಳಿ ಕಡೆಯ ವಿಜಯಪುರ. ಮದುವೆಯಾಗಿ ಹೊರಟಾಗ ಅವರ ತಾಯಿ ಅಂಗೈ ಅಗಲದ ಒಂದು ಸಸಿಯನ್ನು ಒದ್ದೆ ಮಾಡಿದ ರೇಷ್ಮೆ ನೂಲಿನ ಕಸದಲ್ಲಿ ಸುತ್ತಿ ಮಡಿಲಿಗೆ ಹಾಕಿದ್ದರಂತೆ. ಆ ಮನೆಯೂ ಈಗಿಲ್ಲ, ಆ ತಾಯಿಯ ಒಂದು ಫೋಟೋ ಕೂಡ ಇಲ್ಲ. "ಹೂ ಬಿಟ್ಟಾಗ ನಮ್ಮವ್ವ ಬಂದಂಗಾಯ್ತದೆ" ಎಂದು ಒಮ್ಮೆ ಅಂದಿದ್ದರು. ಅಂದ ಮೇಲೆ ಅಂಥ ಮಾತಾಡಿದ್ದಕ್ಕೆ ಸಿಡುಕಿಕೊಂಡು ಎದ್ದು ಹೋಗಿದ್ದರು.

ಮನೆ ಪಾಲಾದಾಗ ಹಿತ್ತಲು ಮೈದುನನ ಕಡೆಗೆ ಹೋಯಿತು. ಅವರು ಅಲ್ಲಿ ನಾಲ್ಕು ಮಗ್ಗದ ಶೆಡ್ಡು ಕಟ್ಟಬೇಕೆಂದಿದ್ದರು. ಕೆಟ್ಟ ಮನುಷ್ಯರಲ್ಲ. "ಅತ್ತಿಗೆ, ನಿಮ್ಮ ಕಡ್ಡಿ ಬೇರು ಬಿಡೋವರ್ಗೂ ಗಿಡ ಮುಟ್ಟಲ್ಲ" ಎಂದು ತಾವಾಗಿಯೇ ಮಾತು ಕೊಟ್ಟಿದ್ದರು. ಮನೋರಂಜಿತ ಕಡ್ಡಿಯಿಂದ ಸುಲಭಕ್ಕೆ ಬರುವ ಗಿಡವಲ್ಲ. ಅಕ್ಕ ಅದಕ್ಕಾಗಿ ಒಂದು ಅಗಲ ಬಾಯಿಯ ಮಣ್ಣಿನ ಕುಂಡ ಆರಿಸಿದರು. ಬೆರಳ ಗೆಣ್ಣಿನಿಂದ ತಟ್ಟಿ ದನಿ ಕೇಳಿ, ಒಂದು ದಿನ ನೀರಲ್ಲಿ ನೆನೆಹಾಕಿದರು. ಮಗ್ಗದ ಗುಂಡಿಯ ಮರಳು ಎರಡು ಪಾಲು, ಸುಟ್ಟ ಭತ್ತದ ಹೊಟ್ಟು ಒಂದು ಪಾಲು. ನಡುವೆ ಒಂದು ಪುಟ್ಟ ಮಣ್ಣಿನ ಕುಡಿಕೆ ಹೂತು ಅದಕ್ಕೆ ನೀರು ತುಂಬಿದರು. ಕುಡಿಕೆಯ ಮೈಯಿಂದ ಎಷ್ಟು ಬೇಕೋ ಅಷ್ಟೇ ತೇವ ಮರಳಿಗೆ ಇಳಿಯುತ್ತದೆ. ಹನ್ನೆರಡು ಕಡ್ಡಿಗಳನ್ನು ಕುಂಡದ ಅಂಚಿಗೆ ಒತ್ತಿ ಸುತ್ತಲೂ ನೆಟ್ಟರು. "ಗೋಡೆ ಪಕ್ಕ ಕೂತ್ಕಳ್ಳಲಿ. ಮಣ್ಣಿನ ಗೋಡೆ ಗಾಳಿ ಬಿಡ್ತದೆ, ಪ್ಲಾಸ್ಟಿಕ್ ಬಿಡಲ್ಲ."

ಅದಾಗಿ ಎರಡು ವಾರಕ್ಕೆ ಹೊಟ್ಟೆಯ ಕಾಯಿಲೆ ಹೆಚ್ಚಾಗಿ ಬೆಂಗಳೂರಿನ ಆಸ್ಪತ್ರೆಗೆ ಸೇರಿದರು. ಕುಂಡವನ್ನು ನನಗೆ ಕೊಟ್ಟರು. "ಕುಡಿಕೆ ಖಾಲಿ ಬಿಡಬೇಡ. ಎಳೆದು ನೋಡಬೇಡ." ಇಷ್ಟೇ ಹೇಳಿದ್ದು.

ಒಂದು ತಿಂಗಳಾದ ಮೇಲೆ ಹನ್ನೆರಡೂ ಕಡ್ಡಿ ಚಿಗುರಿದವು. ಒಂದೊಂದರಲ್ಲೂ ಎರಡೆರಡು ಎಲೆ, ತೆಳ್ಳಗೆ, ಮಿರಮಿರ ಮಿಂಚುವಂಥವು. ಅದೇ ವಾರದ ಶನಿವಾರ ಅಕ್ಕನ ಮೈದುನ ನರ್ಸರಿಗೆ ಬಂದರು.

"ಮೇಡಂ, ಶೆಡ್ಡಿನ ಮೇಸ್ತ್ರಿ ಸೋಮವಾರ ಬರ್ತೀನಿ ಅಂತವನೆ. ಅತ್ತಿಗೆ ಆಸ್ಪತ್ರೆಲವ್ರೆ, ಈ ಸ್ಥಿತೀಲಿ ಕೇಳೋಕೆ ನಂಗೆ ಬಾಯಿ ಬರ್ತಿಲ್ಲ. ನೀವೇ ಹೇಳ್ಬಿಡಿ. ಕಡ್ಡಿ ಬಂತಾ?"

ನಾನು ಕುಂಡ ತೋರಿಸಿದೆ. ಅವರ ಮುಖ ಅರಳಿತು. ನಾನು ಆಗ ಆಡಿದ್ದು ಎರಡೇ ಮಾತು. "ಬಂದಿದೆ. ತೆಗೆಯಿರಿ."

ಕುಂಡದ ಕೆಳಗಿನ ತೂತನ್ನು ನೋಡಿರಲಿಲ್ಲ. ದಾಸವಾಳದ ಪಾಠ ಮರೆತಿರಲಿಲ್ಲ, ನಾಲಗೆಯ ತುದಿಯಲ್ಲೇ ಇತ್ತು. ಆದರೂ ಆ ಹಸಿರು ನೋಡಿ ಒಳ್ಳೆಯ ಸುದ್ದಿ ಹೇಳುವವಳು ನಾನಾಗಬೇಕೆಂದು ಆಸೆಯಾಯಿತು. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಮಂಗಳವಾರ ಆಸ್ಪತ್ರೆಗೆ ಹೋಗಿ ಫೋನಿನಲ್ಲಿ ಚಿಗುರಿನ ಫೋಟೋ ತೋರಿಸಿದೆ. ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಕೆಳಗೆ ಬೇರು ಕಾಣ್ತಾ?"

"ಇನ್ನೂ ಇಲ್ಲ ಅಕ್ಕ."

"ಹಂಗಾದ್ರೆ ಮೈದುನಂಗೆ ಇನ್ನೊಂಚೂರು ತಡಿ ಅನ್ನು. ಏನಾದ್ರೂ ಆದ್ರೆ ಗಿಡದಲ್ಲಿ ಮತ್ತೆ ಕಡ್ಡಿ ತಗೋಬೋದು."

"ಹೂಂ" ಅಂದೆ. ಗಿಡವನ್ನು ಹಿಂದಿನ ದಿನ ಬೆಳಿಗ್ಗೆಯೇ ಕಡಿದಾಗಿತ್ತು.

ಶುಕ್ರವಾರ ಎಲೆಗಳು ಜೋಲು ಬಿದ್ದವು. ಭಾನುವಾರದ ಹೊತ್ತಿಗೆ ಹನ್ನೆರಡೂ ಸುಟ್ಟ ಕಾಗದದ ಹಾಗಿದ್ದವು. ಆಗ ಒಂದೊಂದನ್ನೇ ಎಳೆದು ನೋಡಿದೆ. ಒಂದಕ್ಕೂ ಬೇರು ಬಂದಿರಲಿಲ್ಲ.

ಗಿಡ ಕಡಿದ ಹತ್ತನೆಯ ದಿನ ಆಸ್ಪತ್ರೆಯವರು ಅಕ್ಕನನ್ನು ಮನೆಗೆ ಕಳಿಸಿದರು. ಮುಖದಲ್ಲಿ ಕಳೆಯಿತ್ತು, ಮಧ್ಯಾಹ್ನ ಅರ್ಧ ಮುದ್ದೆ ಉಂಡರು. ಹುಷಾರಾಗುತ್ತಾರೆ ಎಂದು ಎಲ್ಲರೂ ಅಂದುಕೊಂಡೆವು. ನಾನು ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಆದರೆ ಬಾಯಿ ಬಿಡುವ ಮುಂಚೆಯೇ ಅವರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದರು. ಬಾಗಿಲಲ್ಲಿ ನಿಂತರು.

"ಬಿಸಿಲು ಜಾಸ್ತಿ ಆಗೈತೆ ಇಲ್ಲಿ" ಎಂದರು ಮೊದಲು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಹೇಳಿದೆ.

"ಹನ್ನೆರಡೂ?"

"ಹನ್ನೆರಡೂ."

"ಎಳೆದು ನೋಡಿದ್ಯಾ?"

"ನೋಡಿದೆ."

"ಮೊದ್ಲೋ, ಬಾಡಿದ ಮೇಲೋ?"

"ಬಾಡಿದ ಮೇಲೆ."

"ಸುಳ್ಳು ಚಿಗುರು ಅಂತ ನಾನು ಹೇಳ್ಕೊಟ್ಟಿರ್ಲಿಲ್ವಾ?"

"ಹೇಳ್ಕೊಟ್ಟಿದ್ರಿ ಅಕ್ಕ."

ಅವರು ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. ಆಮೇಲೆ ಕೇಳಿದರು: "ಕಡಿದ ರೆಂಬೆ ಎಲ್ಲಿ ಹಾಕಿದ್ರಿ?"

ಬಚ್ಚಲ ನೀರು ಹರಿಯುವ ಗೋಡೆಯ ಬುಡದಲ್ಲಿ ರಾಶಿ ಬಿದ್ದಿತ್ತು. ಅಕ್ಕ ಅದರ ಮುಂದೆ ನೆಲಕ್ಕೇ ಕೂತುಬಿಟ್ಟರು. ಒಂದೊಂದು ರೆಂಬೆ ಎತ್ತಿ, ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡತೊಡಗಿದರು. ಕಂದು. ಪಕ್ಕಕ್ಕೆ. ಮತ್ತೊಂದು. ಕಂದು. ಪಕ್ಕಕ್ಕೆ.

ಮೈದುನ ಓಡಿ ಬಂದರು. "ಬಿಡಿ ಅತ್ತಿಗೆ, ಹತ್ತು ದಿನ ಆಗೋಯ್ತು. ಲಾಲ್‌ಬಾಗಿಂದ ಇದೇ ಜಾತಿ ಗಿಡ ತಂದ್ಕೊಡ್ತೀನಿ."

"ನಮ್ಮವ್ವನ್ನೂ ಅಲ್ಲಿಂದಲೇ ತಂದ್ಕೊಡ್ತೀಯೇನೋ?" ಅಂದರು ಅಕ್ಕ, ತಲೆಯೆತ್ತದೆ. ದನಿಯಲ್ಲಿ ಸಿಟ್ಟಿರಲಿಲ್ಲ. ಮೈದುನ ಅಲ್ಲೇ ಕೂತು ತಾವೂ ರೆಂಬೆ ಎತ್ತಿ ಕೆರೆಯತೊಡಗಿದರು. ನಾನೂ ಕೂತೆ. ಮೂವರೂ ಆ ರಾಶಿಯನ್ನು ಪೂರ್ತಿ ನೋಡಿದೆವು. ತೇವದ ನೆಲಕ್ಕೆ ತಾಗಿಕೊಂಡಿದ್ದ ಅಡಿಯ ರೆಂಬೆಗಳಲ್ಲಿ ಒಂಬತ್ತು ತುಂಡು ಸಿಕ್ಕವು. ಹಸಿರು ಎನ್ನುವ ಹಾಗಿರಲಿಲ್ಲ, ಹಸಿರಿನ ಗೆರೆಯಿತ್ತು.

ಮರಳಿಗಾಗಿ ಚಪ್ಪಡಿ ಎತ್ತಿದರೆ ಗುಂಡಿಯ ತಳದಲ್ಲಿ ಸ್ವಲ್ಪವೇ ಉಳಿದಿತ್ತು, ಕೈಗೆ ಎಟುಕುತ್ತಿರಲಿಲ್ಲ. ಮೈದುನ ಉಳಿದ ಚಪ್ಪಡಿಗಳನ್ನೂ ಸರಿಸಿ ಒಳಗಿಳಿದು ಗೋರಿ ಕೊಟ್ಟರು. ಮರಳೆಲ್ಲ ತೆಗೆದ ಮೇಲೆ ಗುಂಡಿಯ ನೆಲ ಕಂಡಿತು. ಅದರಲ್ಲಿ ಎರಡು ತಗ್ಗು, ಅಕ್ಕಪಕ್ಕ, ನುಣ್ಣಗೆ ಸವೆದಿದ್ದವು. ಮೈದುನನ ತಂದೆ ಒಂದು ಜೀವಮಾನ ಕಾಲಿಟ್ಟು ತುಳಿದ ಜಾಗ. ಮೈದುನ ಅದನ್ನು ನೋಡಿದರು. ಚಪ್ಪಲಿ ಬಿಟ್ಟು, ಒಂದೊಂದಾಗಿ ಎರಡೂ ಪಾದ ಅದರಲ್ಲಿಟ್ಟು ನಿಂತರು. ಮೇಲಿಂದ ಅಕ್ಕ, "ಸಾಕು ಬಾ ಮೇಲೆ, ಮರಳು ಒಣಗ್ತದೆ" ಅಂದರು.

ಒಂಬತ್ತು ಕೋನು ತುಂಬಿಸಿದೆವು. ಕಡ್ಡಿ ನೆಟ್ಟು ಸುತ್ತ ಮರಳು ಒತ್ತಲು ಅಕ್ಕನ ಹೆಬ್ಬೆರಳಲ್ಲಿ ಬಲವಿರಲಿಲ್ಲ. ಎರಡು ಸಲ ಪ್ರಯತ್ನಿಸಿ ನನ್ನ ಕೈ ಹಿಡಿದು ಕೋನಿನ ಮೇಲಿಟ್ಟರು. "ನೀನೇ ಒತ್ತು. ಕಡ್ಡಿ ಅಲ್ಲಾಡಬಾರದು, ಉಸಿರೂ ಕಟ್ಟಬಾರದು." ಒಂಬತ್ತನ್ನೂ ನಾನೇ ಒತ್ತಿದೆ. ಪ್ರತಿಯೊಂದನ್ನೂ ಅವರು ಬೆರಳು ತಾಕಿಸಿ ನೋಡಿದರು. ಒಂದನ್ನು ಮಾತ್ರ ಸರಿಯಿಲ್ಲ ಎಂದು ಮತ್ತೆ ಮಾಡಿಸಿದರು.

ಹನ್ನೊಂದು ದಿನಕ್ಕೆ ಅವರು ಹೋದರು. ಅದು ನಾನು ಮರಳು ತೊಳೆಯುತ್ತಿದ್ದ ದಿನ.

ಈಗ ಎರಡು ತಿಂಗಳಾಗಿದೆ. ಕೋನುಗಳು ನನ್ನ ಮನೆಯ ಕಿಟಕಿಯ ಕೆಳಗೆ ಒಂದು ಕ್ರೇಟಿನಲ್ಲಿ ನಿಂತಿವೆ. ನಾಲ್ಕು ಕೊಳೆತು ಹೋದವು. ಉಳಿದ ಐದರಲ್ಲಿ ಮೂರು ಚಿಗುರಿವೆ. ದಿನಾ ಬೆಳಿಗ್ಗೆ ಒಂದೊಂದೇ ಕೋನು ಎತ್ತಿ ಸಣ್ಣ ಬಾಯಿಯ ನಾರನ್ನು ನೋಡುತ್ತೇನೆ. ಬೆಳ್ಳಗಿನದು ಏನೂ ಇಣುಕಿಲ್ಲ. ಎಳೆದು ನೋಡಲು ಬೆರಳು ಕಡಿಯುತ್ತದೆ. ಕೋನನ್ನು ಅದೇ ಜಾಗದಲ್ಲಿಟ್ಟು ಕೆಲಸಕ್ಕೆ ಹೋಗುತ್ತೇನೆ.

ಹೋದ ಭಾನುವಾರ ಅವರ ಮೈದುನ ಬಂದಿದ್ದರು. ಶೆಡ್ಡು ಮುಗಿಯುತ್ತ ಬಂದಿದೆಯಂತೆ. ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿ, ಬಾವಿಕಟ್ಟೆಯ ಪಕ್ಕ ಮೊಳದಗಲ ಮಣ್ಣನ್ನು ಮಾತ್ರ ಹಾಗೇ ಬಿಡಿಸಿದ್ದಾರಂತೆ. ಕ್ರೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಗುರನ್ನು ನೋಡಿದರು. ಮುಟ್ಟಲಿಲ್ಲ.

"ಬಂತಾ ಮೇಡಂ?"

"ಚಿಗುರಿದೆ" ಅಂದೆ. "ಬೇರು ಕಂಡಿಲ್ಲ. ಹೇಳೋಕಾಗಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ಪಂಚೆಯ ದೂಳು ಕೊಡವಿಕೊಂಡರು.

"ಆಗ್ಲಿ ಬಿಡಿ, ನಿಧಾನಕ್ಕೆ ಬರ್ಲಿ. ಆ ಜಾಗಕ್ಕೆ ಸಿಮೆಂಟು ಸಿಡಿಯದಂಗೆ ಬಿದಿರು ಮಂಕರಿ ಕವುಚಿ ಹಾಕಿದೀನಿ."